ಅಲ್ಪ ಹಣಕ್ಕೆ ಉತ್ತಮ ಕ್ಲಾರಿಯೊನೆಟ್

ಹೋದ ವರ್ಷ ಅಡಿಕೆಯ ಸುಗ್ಗಿ ಮುಗಿದ ಮೇಲೆ ಕೊಪ್ಪದ ಕಡೆಯ ವಿದ್ಯಾರ್ಥಿಯೊಬ್ಬನು ನಮ್ಮ ಮನೆಗೆ ಬಂದು ಒಂದು ಕಾಗದದ ಪೊಟ್ಟಣವನ್ನು ಮೇಜಿನ ಮೇಲಿಟ್ಟನು. ಅದರಲ್ಲಿ ಅರುವತ್ತು ಸಾವಿರ ರೂಪಾಯಿಗಳಿದ್ದುವು. ಎರಡು ಸುಗ್ಗಿಗಳಲ್ಲಿ ರಾತ್ರಿ ಜಾಗರವಿದ್ದು ಅಡಿಕೆ ಸುಲಿದು, ಮದುವೆಯ ದಿನಗಳಲ್ಲಿ ನರಸಿಂಹರಾಜಪುರದ ಬ್ಯಾಂಡಿನವರೊಡನೆ ಎರವಲು ವಾದ್ಯವನ್ನು ನುಡಿಸಿ ಕೂಡಿಸಿದ ಹಣ. “ಸಾರ್, ಇಷ್ಟರಲ್ಲಿ ಒಂದು ಒಳ್ಳೆಯ ಕ್ಲಾರಿಯೊನೆಟ್ಟು ಬರುತ್ತದೆಯೆ? ಮುಂದೆ ಕಛೇರಿಗೆ ಕೂತರೂ ಅದೇ ಇರಬೇಕು, ಇನ್ನೊಂದು ಕೊಳ್ಳುವುದಕ್ಕೆ ನಮ್ಮಿಂದಾಗುವುದಿಲ್ಲ” ಎಂದನು.

ನಮಗೆ ಒಡನೆಯೇ ಉತ್ತರ ಹೇಳಲಾಗಲಿಲ್ಲ. ಇಪ್ಪತ್ತೈದು ವರ್ಷಗಳ ಹಿಂದೆ ಇದೇ ಪ್ರಶ್ನೆಗೆ ನಾವು ತಪ್ಪು ಉತ್ತರವನ್ನು ಕಂಡುಕೊಂಡಿದ್ದೆವು. ಆಗ ಶೃಂಗೇರಿಯಲ್ಲಿ ನಮ್ಮ ವಾಸ. ಪೇಟೆಯ ಅಂಗಡಿಯೊಂದರಲ್ಲಿ ಕನ್ನಡಿಯಂತೆ ಹೊಳೆಯುತ್ತಿದ್ದ ಹೊಚ್ಚ ಹೊಸ ವಾದ್ಯವನ್ನು, ಹೊಳಪಿಗೆ ಮರುಳಾಗಿಯೇ, ಕೊಂಡು ತಂದೆವು. ಆಷಾಢದ ಮಳೆ ಹಿಡಿದ ಮೂರನೆಯ ವಾರಕ್ಕೆ ರಂಧ್ರಗಳನ್ನು ಮುಚ್ಚುವ ಪ್ಯಾಡುಗಳು ಉಬ್ಬಿಕೊಂಡುವು. ಮಂದ್ರದ ಸ್ವರಗಳು ಒಂದೊಂದಾಗಿ ಮಾಯವಾದುವು. ಬಾಗಿದ ಕೀಲಿಯೊಂದನ್ನು ನೆಟ್ಟಗೆ ಮಾಡಲು ಹೋದ ಅಕ್ಕಸಾಲಿಗನ ಕೈಯಲ್ಲಿ ಅದು ಬೆಲ್ಲದ ಅಚ್ಚಿನಂತೆ ಮುರಿದುಬಿದ್ದಿತು. ಪಾಪ, ಆತನ ತಪ್ಪಲ್ಲ. ಅದು ಅಗ್ಗದ ಮೆದು ಲೋಹವನ್ನು ಎರಕ ಹೊಯ್ದು ಮಾಡಿದ ಕೀಲಿ. ಅಂಥದು ಬಾಗಿದರೆ ತಿದ್ದುವಂತಿಲ್ಲ, ಮುರಿದರೆ ಬೆಸೆಯುವಂತಿಲ್ಲ.

ಈ ವಿಷಯವನ್ನು ನಗರವಾಸಿಗಳಾದ ಶ್ರೋತೃಗಳ ಮುಂದಿಡುವುದಕ್ಕೆ ಕಾರಣವುಂಟು. ಮಲೆನಾಡಿನ ಹುಡುಗನಿಗೆ ಬೇಕಾದ ವಾದ್ಯವು ಮಲೆನಾಡಿನಲ್ಲಿ ಸಿಕ್ಕುವುದಿಲ್ಲ. ಅದು ಮೈಸೂರು, ಬೆಂಗಳೂರುಗಳ ಯಾವುದೋ ಮನೆಯ ಬೀರುವಿನಲ್ಲಿ ಮಲಗಿರುತ್ತದೆ.

ಕ್ಲಾರಿಯೊನೆಟ್ಟನ್ನು ಸುಮಾರು 1700ರಲ್ಲಿ ಜರ್ಮನಿಯ ನ್ಯೂರೆಂಬರ್ಗಿನ ಡೆನ್ನರ್ ಎಂಬಾತನು ರೂಪಿಸಿದನೆಂದು ಹೇಳುತ್ತಾರೆ. ಪಲ್ಟಣಗಳ ಬ್ಯಾಂಡುಗಳೊಡನೆ ನಮ್ಮ ದೇಶಕ್ಕೆ ಬಂದು, ಮೈಸೂರು ಅರಮನೆಯ ವಾದ್ಯವೃಂದದಲ್ಲಿ ನಿಂತು, ನಾಟಕ ಕಂಪೆನಿಗಳ ಮೇಳದಲ್ಲಿ ಕುಳಿತು, ಕೊನೆಗೆ ಮದುವೆಯ ಮೆರವಣಿಗೆಯಲ್ಲಿ ನಡೆಯಿತು. ತಂಜಾವೂರಿನ ಮಹಾದೇವ ನಟ್ಟುವನಾರರು 19ನೆಯ ಶತಮಾನದಲ್ಲಿಯೇ ಇದನ್ನು ನೃತ್ಯಮೇಳಕ್ಕೆ ತಂದರು. ಎ. ಕೆ. ಸಿ. ನಟರಾಜನ್ ಅವರಿಗೆ 2008ರಲ್ಲಿ ಮದರಾಸಿನ ಸಂಗೀತ ವಿದ್ವತ್ಸಭೆಯ ಸಂಗೀತ ಕಲಾನಿಧಿ ಬಿರುದು ದೊರೆತ ಮೇಲೆ, ಇದು ಕಛೇರಿಯ ವಾದ್ಯವೇ ಎಂದು ಕೇಳುವ ಬಾಯಿಗಳು ಮುಚ್ಚಿರಬೇಕು. ಹಿಂದೂಸ್ತಾನಿ ಪದ್ಧತಿಯಲ್ಲಿ ನಮ್ಮ ರಾಯಚೂರು ಸೀಮೆಯ ನರಸಿಂಹಲು ವಡವಾಟಿಯವರು ಇದ್ದೇ ಇದ್ದಾರೆ.

ಹಾಗಾದರೆ ವಿದ್ವಾಂಸರ ದರ್ಜೆಯ ವಾದ್ಯಕ್ಕೂ ಕಲಿಯುವವರ ದರ್ಜೆಯ ವಾದ್ಯಕ್ಕೂ ಭೇದವೇನು? ಮರ ಎಂದು ಹಲವರು ಹೇಳುವರು. ಅದು ಪೂರ್ತಿ ನಿಜವಲ್ಲ. ಉತ್ತಮ ಕ್ಲಾರಿಯೊನೆಟ್ಟುಗಳನ್ನು ಆಫ್ರಿಕಾದ ತಾಂಜಾನಿಯಾ, ಮೊಜಾಂಬಿಕ್ ದೇಶಗಳಲ್ಲಿ ಬೆಳೆಯುವ ಒಂದು ಕರಿಮರದಿಂದ ಮಾಡುತ್ತಾರೆಂಬುದು ದಿಟ. ಅದು ನಮ್ಮ ಮಲೆನಾಡಿನ ಬೀಟೆಯ ಕುಲಕ್ಕೇ ಸೇರಿದ ಮರ. ಆದರೆ ನೀರಿಗೆ ಹಾಕಿದರೆ ಮುಳುಗುವಷ್ಟು ಭಾರ. ಆದರೂ 1964ರಲ್ಲಿ ಅಮೆರಿಕದ ಜಾನ್ ಬ್ಯಾಕಸ್ ಎಂಬ ವಿಜ್ಞಾನಿಯು ಪರೀಕ್ಷಿಸಿ, ಇಂಥ ಸುಷಿರ ವಾದ್ಯಗಳ ಗೋಡೆಯ ಕಂಪನದಿಂದ ನಾದಕ್ಕೆ ಗಣನೀಯವಾದ ವ್ಯತ್ಯಾಸವಾಗದೆಂದು ತೋರಿಸಿದನು. ನುಡಿಯುವುದು ಮರವಲ್ಲ; ಮರದೊಳಗಿನ ಗಾಳಿಯ ಕಂಬ.

ಭೇದವಿರುವುದು ಆ ಗಾಳಿಯ ಕಂಬದ ಆಕಾರದಲ್ಲಿ. ನಾಗಸ್ವರವು ಕೆಳಗೆ ಹೋದಂತೆಲ್ಲ ಅಗಲವಾಗುವ ಕೊಳವೆ. ಅದರಲ್ಲಿ ಉಸಿರನ್ನು ಬಿಗಿಮಾಡಿದರೆ ಮಧ್ಯ ಷಡ್ಜವು ತಾರಷಡ್ಜವಾಗುತ್ತದೆ. ಕ್ಲಾರಿಯೊನೆಟ್ಟಾದರೋ ಬಹುಭಾಗ ಒಂದೇ ಅಗಲದ ಕೊಳವೆ, ಮೇಲಿನ ತುದಿ ಮುಚ್ಚಿದಂತೆ ವರ್ತಿಸುವುದು. ಆದುದರಿಂದ ಎಡಗೈ ಹೆಬ್ಬೆರಳಿನ ಕೀಲಿಯನ್ನೊತ್ತಿದರೆ ಷಡ್ಜವು ತಾರಷಡ್ಜಕ್ಕೆ ಹೋಗದೆ, ಅದನ್ನೂ ದಾಟಿ ತಾರಸ್ಥಾಯಿಯ ಪಂಚಮಕ್ಕೆ ನೆಗೆಯುತ್ತದೆ. ಎಂದರೆ, ಒಂದೊಂದು ರಂಧ್ರವೂ ದೂರದೂರದ ಎರಡು ಸ್ವರಗಳಿಗೆ ಜವಾಬ್ದಾರಿ. ಎರಡೂ ಶುದ್ಧವಾಗಿರಬೇಕಾದರೆ ರಂಧ್ರದ ಸ್ಥಾನ, ಅಗಲ, ಒಳಗಡೆಯ ಅಂಚಿನ ಕೊರೆತ ಎಲ್ಲವೂ ನವಿರಾಗಿ ಹೊಂದಬೇಕು. ವಿದ್ವಾಂಸರ ವಾದ್ಯಕ್ಕೆ ಹಣ ಕೊಡುವುದು ಇದಕ್ಕಾಗಿ.

ಇದರಿಂದ ಒಂದು ಸುಲಭ ಪರೀಕ್ಷೆ ದೊರೆಯುತ್ತದೆ. ಶ್ರುತಿಪೆಟ್ಟಿಗೆಯನ್ನು ಜೊತೆಗೆ ಕೊಂಡುಹೋಗಿ. ಕೆಳಗಿನ ಸ್ಥಾಯಿಯ ಒಂದು ಸ್ವರವನ್ನು ಷಡ್ಜವಾಗಿಟ್ಟುಕೊಂಡು ಶ್ರುತಿಗೆ ಸೇರಿಸಿ. ತುಟಿಯನ್ನು ಸಡಿಲಿಸದೆ, ಬಿಗಿಯದೆ, ಹೆಬ್ಬೆರಳಿನ ಕೀಲಿಯನ್ನು ಮಾತ್ರ ಒತ್ತಿ. ಬರುವ ಪಂಚಮವು ಶ್ರುತಿಯೊಡನೆ ಕಲೆಯಿತೆ? ಹೀಗೆಯೇ ಬೇರೆ ನಾಲ್ಕಾರು ಸ್ವರಗಳನ್ನು ನೋಡಿ. ಎಲ್ಲಿಯೋ ಒಂದೆಡೆ ಕೂದಲೆಳೆಯಷ್ಟು ಹೆಚ್ಚುಕಡಮೆಯಾದರೆ ಚಿಂತೆಯಿಲ್ಲ. ಪ್ರತಿಯೊಂದಕ್ಕೂ ತುಟಿಯಿಂದ ತಿದ್ದಬೇಕಾಗಿ ಬಂದರೆ ಅದರ ಮೇಲಿನ ಹೆಸರು ಎಷ್ಟೇ ದೊಡ್ಡದಿರಲಿ, ನಮಸ್ಕಾರ ಹೇಳಿ ಹೊರಟುಬಿಡಿ.

ಬೆಲೆಯ ಮಾತು. ಪ್ಯಾರಿಸ್ಸಿನ ಬಫೆ ಕ್ರಾಂಪೋನಿನವರ ಆರ್ 13 ಎಂಬ ಪ್ರಸಿದ್ಧ ಮಾದರಿಯಂಥವು ಹೊಸದಾಗಿ ಮೂರು ಲಕ್ಷ ರೂಪಾಯಿಗಳನ್ನು ಮೀರುತ್ತವೆ. ಅರುವತ್ತು ಸಾವಿರಕ್ಕೆ ಹೊಸದು ಬೇಕೆಂದರೆ ಕಲಿಯುವವರ ದರ್ಜೆಯದೇ ಗತಿ. ಆದರೆ ಕ್ಲಾರಿಯೊನೆಟ್ಟಿಗೆ ಪಿಟೀಲಿನ ಭಾಗ್ಯವಿಲ್ಲ. ಹಳತಾದಂತೆ ಅದರ ಬೆಲೆ ಏರುವುದಿಲ್ಲ, ಇಳಿಯುತ್ತದೆ. ಸವೆಯುವ ಭಾಗಗಳಾದ ಪ್ಯಾಡು, ಬಿರಡೆ, ಸ್ಪ್ರಿಂಗುಗಳನ್ನು ಹೊಸದಾಗಿ ಹಾಕಿಸಬಹುದು. ಕೊಳವೆಯ ಕೊರೆತವನ್ನಾದರೋ ಆಮೇಲೆ ಯಾರೂ ಒಳ್ಳೆಯದಾಗಿ ಮಾಡಿಕೊಡಲಾರರು. ಆದುದರಿಂದ ನಮ್ಮ ಸಲಹೆ: ಕೊರೆತ ಒಳ್ಳೆಯದಾದ ಹಳೆಯ ವಾದ್ಯವನ್ನು ಕೊಳ್ಳಿ, ಹಣದ ಮೂರನೆಯ ಒಂದು ಪಾಲನ್ನು ವಾದ್ಯಕ್ಕೆ ಕೊಡದೆ ರಿಪೇರಿಗೂ ಮೌತ್‌ಪೀಸಿಗೂ ಎತ್ತಿಡಿ.

ಹಳೆಯದರಲ್ಲಿ ಮೋಸಹೋಗುವ ಬಗೆಗಳು ಕೆಲವುಂಟು. ಲಂಡನ್ನಿನ ಬೂಸಿ ಅಂಡ್ ಹಾಕ್ಸ್ ಎಂಬ ಮುದ್ರೆಯುಳ್ಳವು ನಮ್ಮಲ್ಲಿ ಕಾಣಸಿಗುತ್ತವೆ. ಅವುಗಳಲ್ಲಿ ಎಜ್‌ವೇರ್ ಎಂಬ ಹೆಸರಿನದು ಮರದ್ದೇ ಆದರೂ ಕಲಿಯುವವರ ದರ್ಜೆಯದು. ಇಂಪೀರಿಯಲ್ ಎಂಬುದು ವಿದ್ವಾಂಸರದು. ಅದೇ ಮನೆತನದ 1010 ಎಂಬ ಮಾದರಿಯು ಬಹು ಘನವಾದ ವಾದ್ಯ, ಆದರೆ ಕೊರೆತ ಸುಮಾರು 15.2 ಮಿಲಿಮೀಟರು, ಫ್ರೆಂಚ್ ವಾದ್ಯಗಳಿಗಿಂತ ಅಗಲ. ಅದಕ್ಕೆ ಅದರದೇ ಮೌತ್‌ಪೀಸು ಬೇಕು; ಸಾಮಾನ್ಯವಾದುದನ್ನು ಸಿಕ್ಕಿಸಿದರೆ ಸ್ವರಗಳು ಒಂದಕ್ಕೊಂದು ಸೇರವು. ಇನ್ನು ಎಚ್. ಪಿ. ಎಂಬ ಎರಡಕ್ಷರಗಳು ಕೊರೆದಿದ್ದರೆ ಅದು ಹಳೆಯ ಬ್ರಿಟಿಷ್ ಪಲ್ಟಣಗಳ ಏರು ಶ್ರುತಿಯ ವಾದ್ಯ. ಈಗಿನ ಲೆಕ್ಕ 440 ಕಂಪನಗಳಾದರೆ ಆಗಿನದು ಸುಮಾರು 452. ಹಾರ್ಮೋನಿಯಮ್ಮಿನೊಡನೆಯಾಗಲಿ ಬ್ಯಾಂಡಿನೊಡನೆಯಾಗಲಿ ಅದು ಸೇರದು. ಒಂಟಿಯಾಗಿ ಕಛೇರಿ ಮಾಡುವವನಿಗೆ ತಂಬೂರಿ, ಪಿಟೀಲು, ಮೃದಂಗಗಳನ್ನು ಅದಕ್ಕೇ ಹೊಂದಿಸಿಕೊಳ್ಳಬಹುದಾದರೂ, ಹೊಟ್ಟೆಪಾಡಿಗೆ ಬ್ಯಾಂಡಿಗೂ ಹೋಗಬೇಕಾದ ಹುಡುಗನು ಅದರ ಗೋಜಿಗೆ ಹೋಗಬಾರದು. ವಾದ್ಯದ ಉದ್ದವನ್ನೂ ಅಳೆಯಿರಿ: ಬ್ಯಾಂಡಿನಲ್ಲಿ ರೂಢಿಯಾಗಿರುವ ಬಿ ಫ್ಲಾಟ್ ವಾದ್ಯವು ಸುಮಾರು 66 ಸೆಂಟಿಮೀಟರು, ಎ ಶ್ರುತಿಯದು ಅದಕ್ಕಿಂತ ಮೂರು ನಾಲ್ಕು ಸೆಂಟಿಮೀಟರು ನೀಳ, ಮತ್ತು ಬ್ಯಾಂಡಿನಲ್ಲಿ ನಿರುಪಯೋಗಿ.

ಕೀಲಿಗಳ ವ್ಯವಸ್ಥೆಯಲ್ಲಿ ಎರಡು ಬಗೆ. ಫ್ರಾನ್ಸಿನ ಕ್ಲೋಸೆ ಮತ್ತು ಬಫೆ ಎಂಬಿಬ್ಬರು 1839ರಿಂದೀಚೆಗೆ ರೂಢಿಗೆ ತಂದ ಬೋಮ್ ಪದ್ಧತಿಯದರಲ್ಲಿ ಹದಿನೇಳು ಕೀಲಿಗಳೂ ಆರು ಬಳೆಗಳೂ ಇರುತ್ತವೆ. ಆಲ್ಬರ್ಟ್ ಪದ್ಧತಿಯದು ಅದಕ್ಕಿಂತ ಸರಳ. ಬೆರಳನ್ನು ರಂಧ್ರದ ಮೇಲಿನಿಂದ ಮೆಲ್ಲನೆ ಜಾರಿಸಿ ಗಮಕ ತೆಗೆಯುವುದಕ್ಕೆ ಈ ಎರಡನೆಯದೇ ಲೇಸೆಂದು ನಮ್ಮ ಸಂಗೀತದ ವಾದಕರಲ್ಲಿ ಅನೇಕರ ಅಭಿಪ್ರಾಯ. ನಮಗೂ ಹಾಗೆಯೇ ತೋರುತ್ತದೆ. ಪಶ್ಚಿಮದಲ್ಲಿ ಅದಕ್ಕೆ ಗಿರಾಕಿಗಳು ಕಡಮೆಯಾದುದರಿಂದ ಬೆಲೆಯೂ ಕಡಮೆ. ಬಡವನಿಗೆ ಒದಗುವ ಅಪೂರ್ವವಾದ ಅನುಕೂಲಗಳಲ್ಲಿ ಇದೊಂದು. ಆದರೆ ಹುಡುಗನು ಯಾವುದರಲ್ಲಿ ಬೆರಳು ಪಳಗಿಸಿರುವನೋ ಅದನ್ನೇ ಹುಡುಕಬೇಕು. ನಮ್ಮವನು ಆಲ್ಬರ್ಟಿನವನು.

ಗಾಳಿಯ ಸೋರಿಕೆಯನ್ನು ಹೀಗೆ ನೋಡಬೇಕು. ವಾದ್ಯವನ್ನು ಬಿಚ್ಚಿ, ಮೇಲಿನ ತುಂಡಿನ ರಂಧ್ರಗಳನ್ನೆಲ್ಲ ಬೆರಳುಗಳಿಂದ ಮುಚ್ಚಿ, ಕೆಳಬಾಯಿಗೆ ಇನ್ನೊಂದು ಅಂಗೈಯನ್ನಿಟ್ಟು, ಮೇಲಿನ ಬಾಯಿಂದ ಗಾಳಿಯನ್ನು ಹೀರಬೇಕು. ಬಾಯಿ ತೆಗೆದಾಗ ಪಟ್ಟೆಂದು ಸದ್ದಾದರೆ ಸೋರಿಕೆಯಿಲ್ಲ. ಸೋರಿದರೆ, ತೆಳ್ಳಗಿನ ಸಿಗರೇಟು ಕಾಗದದ ಎಳೆಯನ್ನು ಒಂದೊಂದು ಪ್ಯಾಡಿನ ಕೆಳಗೂ ಇಟ್ಟು ಎಳೆದು ನೋಡಿ. ಯಾವುದು ಸಡಿಲವೋ ಅದು ಅಪರಾಧಿ. ಪ್ಯಾಡಿನ ಸೋರಿಕೆಗೆ ಔಷಧವುಂಟು. ಭಯಪಡಬೇಕಾದುದು ಬಿರುಕಿಗೆ. ಮೇಲಿನ ತುಂಡಿನ ತಲೆಯ ಭಾಗವನ್ನು ಬಿಸಿಲಿಗೆ ಹಿಡಿದು, ಕಂಪನಸ್ವರದ ಕೀಲಿಗಳ ರಂಧ್ರಗಳ ಸುತ್ತ ಕಣ್ಣಿಟ್ಟು ನೋಡಿ. ಬಿರುಕು ಅಲ್ಲಿಯೇ ಹುಟ್ಟುವುದು ರೂಢಿ. ಬಲ್ಲವರು ಬೆಸೆದ ಹಳೆಯ ಬಿರುಕಾದರೆ ಹೆದರಬೇಕಾಗಿಲ್ಲ. ಬೆಲೆ ಇಳಿಸುವುದಕ್ಕೆ ಒಳ್ಳೆಯ ನೆವ.

ಇಷ್ಟು ಎಲ್ಲ ಊರಿಗೂ ಸಲ್ಲುವ ಮಾತು. ಆದರೆ ನಮ್ಮ ಹುಡುಗನ ಮನೆ ಇರುವುದು ಮೂರು ತಿಂಗಳು ಬಟ್ಟೆ ಒಣಗದ ಸೀಮೆಯಲ್ಲಿ. ಶೃಂಗೇರಿಗೆ ಸಮೀಪದ ಆಗುಂಬೆಯಲ್ಲಿ ವರ್ಷಕ್ಕೆ 7 ಸಾವಿರ ಮಿಲಿಮೀಟರಿಗೂ ಮಿಕ್ಕು ಮಳೆ ಬೀಳುತ್ತದೆ. ಮಳೆಗಾಲದಲ್ಲಿ ತೇವ ಹೀರಿ ಉಬ್ಬಿದ ಮರವು ಮಾಘದ ಒಣ ಹವೆಗೆ ಕುಗ್ಗುತ್ತದೆ. ಮಂಜು ಮುಸುಕಿದ ಬೆಳಗಿನಲ್ಲಿ ತಣ್ಣಗಿರುವ ವಾದ್ಯದೊಳಕ್ಕೆ ಬಿಸಿ ಉಸಿರನ್ನೂದಿದರೆ ಒಳಮೈ ಹಿಗ್ಗುತ್ತದೆ, ಹೊರಮೈ ಹಿಗ್ಗುವುದಿಲ್ಲ. ಮರ ಸೀಳುವುದು ಹೀಗೆ. ಮೊದಲು ವಾದ್ಯವನ್ನು ಕಂಕುಳಲ್ಲಿಟ್ಟು ಬೆಚ್ಚಗೆ ಮಾಡಿ, ಆಮೇಲೆ ಊದಬೇಕು. ಊದಿದ ಮೇಲೆ ಒಳಗನ್ನು ಬಟ್ಟೆಯಿಂದ ಒರಸಬೇಕು. ಪೊರೆಯ ಪ್ಯಾಡುಗಳು ಅಲ್ಲಿ ಬಾಳುವುದಿಲ್ಲ. ಬಿರಡೆಯವು ಅಥವಾ ಈಚೆಗೆ ಬಂದಿರುವ ಕೃತಕ ವಸ್ತುವಿನವು ಬಾಳುತ್ತವೆ. ಉಕ್ಕಿನ ಸ್ಪ್ರಿಂಗುಗಳಿಗೆ ಮಳೆಗಾಲದ ಮೊದಲೇ ಎಣ್ಣೆಯ ಒಂದೊಂದು ಹನಿ. ಮರವೇ ಬೇಡವೆನ್ನುವವರಿಗೆ ಎಬೊನೈಟಿನ ವಾದ್ಯಗಳುಂಟು. ಅವು ಸೀಳುವುದಿಲ್ಲ, ಬಿಸಿಲಿಗೆ ಬಣ್ಣ ಮಾಸುತ್ತವೆ, ಅಷ್ಟೆ. ಕೊರೆತ ಒಳ್ಳೆಯದಾದರೆ ಅವನ್ನು ಕೀಳಾಗಿ ಕಾಣಲು ನಮಗೆ ಕಾರಣ ತೋರದು.

ಕೊನೆಗೆ ನಮ್ಮ ಹುಡುಗನಿಗೆ ವಾದ್ಯ ದೊರೆತದ್ದು ಮೈಸೂರಿನಲ್ಲಿ, ಬ್ಯಾಂಡಿನಲ್ಲಿದ್ದು ಕಾಲವಾದ ಹಿರಿಯರೊಬ್ಬರ ಮನೆಯಲ್ಲಿ. ಕರಿಮರದ್ದು, ಆಲ್ಬರ್ಟ್ ಪದ್ಧತಿಯದು, ತಲೆಯ ಭಾಗದಲ್ಲಿ ಬೆಸೆದ ಒಂದು ಬಿರುಕು. ಪ್ಯಾಡುಗಳೆಲ್ಲ ಹುಳು ತಿಂದು ಹೋಗಿದ್ದುವು. ನುಡಿಸಿ ಪರೀಕ್ಷಿಸುವಂತೆಯೇ ಇರಲಿಲ್ಲ. ಇಲ್ಲಿ ನಾವು ಹಿಂದೆಗೆದೆವು. ಹುಡುಗನು ಮಾತ್ರ ಆ ಮನೆಯ ತಾಯಿಯವರನ್ನು ಕೇಳಿಕೊಂಡು, ನಾಲ್ಕು ಪ್ಯಾಡುಗಳ ಜಾಗಕ್ಕೆ ಮೇಣವನ್ನು ಮೆತ್ತಿ, ಮೂರು ಸ್ವರಗಳನ್ನಾದರೂ ಹೊರಡಿಸಿ, ಅವುಗಳ ಪಂಚಮಗಳನ್ನು ಶ್ರುತಿಪೆಟ್ಟಿಗೆಗೆ ಹಿಡಿದು ತೋರಿಸಿದನು. ಮೂರೂ ಸರಿಯಾಗಿದ್ದುವು. ಆ ತಾಯಿಯವರು ಒಳಗಿನಿಂದ ಬಂದು ಬಾಗಿಲಲ್ಲಿ ನಿಂತು ಕೇಳಿದರು. “ಹನ್ನೆರಡು ವರ್ಷದ ಮೇಲೆ ಇದರ ಸದ್ದು ಕೇಳಿದೆ. ನಿನಗೆ ಎಷ್ಟು ಕೊಡುವುದಕ್ಕಾಗುತ್ತದೋ ಹೇಳಪ್ಪ” ಎಂದರು. ಹುಡುಗನು ಮೂವತ್ತೆಂಟು ಸಾವಿರವೆಂದನು. ಅವರು ಚೌಕಾಸಿ ಮಾಡಲಿಲ್ಲ.

ರಿಪೇರಿಗೆ ಹನ್ನೊಂದು ಸಾವಿರ, ಹೊಸ ಮೌತ್‌ಪೀಸಿಗೆ ಒಂಬತ್ತು ಸಾವಿರವಾಯಿತು. ಉಳಿದ ಎರಡು ಸಾವಿರದಲ್ಲಿ ಬಸ್ಸಿನ ಖರ್ಚು ಕಳೆದು ರೀಡುಗಳನ್ನು ಕೊಂಡನು. ಶ್ರಾವಣದಲ್ಲಿ ಬರೆದ ಕಾಗದದಲ್ಲಿ, ಬಿರುಕು ಹಾಗೆಯೇ ಇದೆ, ಬೆಳೆದಿಲ್ಲವೆಂದು ತಿಳಿಸಿದ್ದನು. ಮನೆಯಲ್ಲಿ ಅಜ್ಜಿಯು ಮಳೆಗೆ ಕೆಟ್ಟೀತೆಂದು ಪೆಟ್ಟಿಗೆಯನ್ನು ಒಲೆಯ ಮೇಲಿನ ಅಟ್ಟಕ್ಕೆ, ಉಪ್ಪಿನ ಮಡಕೆಯ ಪಕ್ಕಕ್ಕೆ ಏರಿಸಿದ್ದರಂತೆ. ಒಲೆಯ ಬಿಸಿಗೆ ಮರ ಸೀಳುವುದೆಂದು ವಿವರಿಸಿ ಹೇಳಿ, ಅದನ್ನು ಕೆಳಗಿಳಿಸಿ ತನ್ನ ಪುಸ್ತಕಗಳ ಬಳಿ ಇಟ್ಟುಕೊಳ್ಳುವುದಕ್ಕೆ ಎರಡು ದಿನ ಹಿಡಿಯಿತಂತೆ.