ಆಫ್ರಿಕಾ ಸಫಾರಿ: ಸೂಚನೆಗಳ ಹಿಂದಿನ ವಿಜ್ಞಾನ

ಸ್ವಾಹಿಲಿ ಭಾಷೆಯಲ್ಲಿ ‘ಸಫಾರಿ’ ಎಂದರೆ ಪ್ರಯಾಣ. ಕೀನ್ಯಾದ ಮಸಾಯ್ ಮಾರಾ, ತಾಂಜಾನಿಯಾದ ಸೆರೆಂಗೆಟಿ ಮತ್ತು ಎನ್‌ಗೊರೊಂಗೊರೊಗಳಿಗೆ ಕರ್ನಾಟಕದಿಂದಲೂ ಪ್ರವಾಸಿಗರು ಹೋಗುತ್ತಾರೆ. ಮೊದಲ ಬಾರಿಗೆ ಹೊರಟವರ ಕೈಗೆ ಸೂಚನೆಗಳ ಉದ್ದನೆಯ ಪಟ್ಟಿಯೊಂದು ಬರುತ್ತದೆ. ಕಾರಣ ತಿಳಿಯದ ಸೂಚನೆಯನ್ನು ನಾವು ಬೇಗ ಮರೆಯುತ್ತೇವೆ. ಆದ್ದರಿಂದ ಮುಖ್ಯವಾದ ಕೆಲವು ಸೂಚನೆಗಳ ಕಾರಣಗಳನ್ನು ನೋಡೋಣ.

ಮೊದಲು ಲಸಿಕೆ

ಕೀನ್ಯಾಗೆ ಹೋಗಿ ಬರುವವರು ಹಳದಿ ಜ್ವರದ ಲಸಿಕೆ ಹಾಕಿಸಿಕೊಂಡ ಪ್ರಮಾಣಪತ್ರವನ್ನು ಭಾರತಕ್ಕೆ ಹಿಂದಿರುಗಿದಾಗ ತೋರಿಸಬೇಕು. ಇಲ್ಲವಾದರೆ ಆರು ದಿನಗಳವರೆಗೆ ಪ್ರತ್ಯೇಕವಾಸದಲ್ಲಿ ಇರಬೇಕಾದೀತು. ಈ ಬಿಗಿ ಏಕೆ? ಹಳದಿ ಜ್ವರದ ವೈರಸ್ ನಮ್ಮ ದೇಶದಲ್ಲಿಲ್ಲ. ಆದರೆ ಅದನ್ನು ಹರಡಬಲ್ಲ ಈಡಿಸ್ ಸೊಳ್ಳೆ ಹೇರಳವಾಗಿದೆ. ಡೆಂಗೆ ಹರಡುವುದೂ ಇದೇ ಸೊಳ್ಳೆ. ಲಸಿಕೆ ಪಡೆದ 10 ದಿನಗಳ ನಂತರವಷ್ಟೇ ಪ್ರಮಾಣಪತ್ರ ಊರ್ಜಿತವಾಗುತ್ತದೆ. 2016ರ ಜುಲೈನಿಂದ ಅದು ಜೀವನಪರ್ಯಂತ ಸಾಲುತ್ತದೆ. ಅರವತ್ತು ದಾಟಿದವರು ಲಸಿಕೆಗೆ ಮುನ್ನ ವೈದ್ಯರನ್ನು ಕೇಳಬೇಕು. ಮಲೇರಿಯಾ ತಡೆಯುವ ಮಾತ್ರೆಗಳ ಬಗೆಗೂ ಆಗಲೇ ವಿಚಾರಿಸಿಕೊಳ್ಳಬಹುದು.

ಸ್ವೆಟರ್ ಏಕೆ?

ಈ ಮೂರೂ ತಾಣಗಳು ಭೂಮಧ್ಯರೇಖೆಗೆ ಸಮೀಪದಲ್ಲಿವೆ. ಆದರೆ ಎನ್‌ಗೊರೊಂಗೊರೊ ಜ್ವಾಲಾಮುಖಿ ಕುಂಡದ ಅಂಚು ಸಮುದ್ರಮಟ್ಟದಿಂದ ಸುಮಾರು 2,300 ಮೀಟರ್ ಎತ್ತರದಲ್ಲಿದೆ. ಹೆಚ್ಚುಕಡಿಮೆ ನಮ್ಮ ಊಟಿಯಷ್ಟು. ಪ್ರತಿ 1,000 ಮೀಟರ್ ಏರಿದಂತೆ ಉಷ್ಣತೆ ಸರಾಸರಿ 6.5 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ತೆರೆದ ವಾಹನದಲ್ಲಿ ಬೆಳಗಿನ ಗಾಳಿಯೂ ಸೇರಿದರೆ ಚಳಿ ಚುರುಕಾಗಿಯೇ ಇರುತ್ತದೆ. ಹಗಲಿನ ಕಥೆ ಬೇರೆ. ಎತ್ತರ 1,000 ಮೀಟರ್ ಹೆಚ್ಚಿದರೆ ಅತಿನೇರಳೆ ಕಿರಣಗಳು ಸುಮಾರು ಶೇಕಡಾ 10ರಷ್ಟು ಹೆಚ್ಚುತ್ತವೆ. ತಂಪೆನಿಸಿದರೂ ಚರ್ಮ ಸುಡುತ್ತದೆ. ಅಗಲ ಅಂಚಿನ ಟೋಪಿ, ತುಂಬು ತೋಳಿನ ಅಂಗಿ ಅವಶ್ಯ.

ಯಾವ ಬಣ್ಣದ ಬಟ್ಟೆ?

ಕಡುನೀಲಿ ಮತ್ತು ಕಪ್ಪು ಬೇಡ. ನಿದ್ರಾರೋಗ ಹರಡುವ ತ್ಸೆತ್ಸೆ ನೊಣ ಈ ಬಣ್ಣಗಳಿಗೆ ಆಕರ್ಷಿತವಾಗುತ್ತದೆ. ಅದನ್ನು ಹಿಡಿಯುವ ಬಲೆಗಳನ್ನು ನೀಲಿ, ಕಪ್ಪು ಬಟ್ಟೆಯಲ್ಲಿ ತಯಾರಿಸುವುದೂ ಇದೇ ಕಾರಣಕ್ಕೆ. ತೆಳುಬಟ್ಟೆಯ ಮೂಲಕವೂ ಅದು ಕಚ್ಚಬಲ್ಲದು. ಮಣ್ಣುಬಣ್ಣದ ದಪ್ಪ ಹತ್ತಿಬಟ್ಟೆ ಒಳ್ಳೆಯದು.

ಹಗುರವಾದ ಚೀಲ

ಸಫಾರಿ ತಾಣಗಳ ನಡುವೆ ಹಾರುವ ಸಣ್ಣ ವಿಮಾನಗಳಲ್ಲಿ ಸಾಮಾನ್ಯವಾಗಿ 15 ಕಿಲೋಗ್ರಾಂ ಸಾಮಾನಿಗಷ್ಟೇ ಅವಕಾಶ. 1,500 ಮೀಟರ್ ಎತ್ತರದಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟಕ್ಕಿಂತ ಸುಮಾರು ಶೇಕಡಾ 14ರಷ್ಟು ಕಡಿಮೆ; ಬಿಸಿಲೇರಿದರೆ ಇನ್ನೂ ಕಡಿಮೆ. ರೆಕ್ಕೆಗೆ ದೊರೆಯುವ ಎತ್ತುಬಲವೂ ಆ ಪ್ರಮಾಣದಲ್ಲಿ ತಗ್ಗುತ್ತದೆ. ಗಟ್ಟಿ ಸೂಟ್‌ಕೇಸಿಗಿಂತ ಮೆತ್ತನೆಯ ಚೀಲ ಸಣ್ಣ ಜಾಗದಲ್ಲಿ ಹಿಡಿಸುತ್ತದೆ. ಪ್ಲಾಸ್ಟಿಕ್ ಕೈಚೀಲಗಳನ್ನು ಕೀನ್ಯಾ 2017ರಲ್ಲಿ, ತಾಂಜಾನಿಯಾ 2019ರಲ್ಲಿ ನಿಷೇಧಿಸಿವೆ. ಅವನ್ನು ಮನೆಯಲ್ಲೇ ಬಿಡಿ.

ದುರ್ಬೀನಿನ ಲೆಕ್ಕ

ದುರ್ಬೀನಿನ ಮೇಲಿನ 8×42 ಎಂಬ ಬರಹದಲ್ಲಿ 8 ಎಂಬುದು ವರ್ಧನೆ, 42 ಎಂಬುದು ಮುಂದಿನ ಮಸೂರದ ವ್ಯಾಸ, ಮಿಲಿಮೀಟರುಗಳಲ್ಲಿ. 42ನ್ನು 8ರಿಂದ ಭಾಗಿಸಿದರೆ ಕಣ್ಣಿಗೆ ಬರುವ ಬೆಳಕಿನ ಪುಂಜದ ವ್ಯಾಸ ಸಿಗುತ್ತದೆ: ಸುಮಾರು 5 ಮಿಲಿಮೀಟರ್. ನಸುಬೆಳಕಿನಲ್ಲಿ ಹಿಗ್ಗಿದ ಕಣ್ಣಿನ ಪಾಪೆಗೆ ಇದು ಹೊಂದುತ್ತದೆ. 8×25ರಲ್ಲಿ ಇದು 3 ಮಿಲಿಮೀಟರ್ ಮಾತ್ರ. ಪ್ರಾಣಿಗಳು ಚುರುಕಾಗಿರುವ ಮುಂಜಾನೆಯಲ್ಲಿ ಬಿಂಬ ಮಸುಕಾಗಿ ಕಾಣುತ್ತದೆ. ವರ್ಧನೆ ಹೆಚ್ಚಿದಷ್ಟೂ ಕೈನಡುಕವೂ ಹಿಗ್ಗಿ ಕಾಣುತ್ತದೆ. ನಡುಹಗಲಿನಲ್ಲಿ ಕಾದ ನೆಲದ ಮೇಲಿನ ಗಾಳಿಯಲ್ಲಿ ಬೆಳಕು ಅಡ್ಡಾದಿಡ್ಡಿಯಾಗಿ ವಕ್ರೀಭವಿಸುವುದರಿಂದ ದೂರದ ಬಿಂಬ ಅಲುಗುತ್ತದೆ. ಎಷ್ಟೇ ಬೆಲೆಯ ಮಸೂರವೂ ಇದನ್ನು ಸರಿಪಡಿಸಲಾರದು.

ವಾಹನದಿಂದ ಇಳಿಯಬೇಡಿ

ಎಲ್ಲ ಸೂಚನೆಗಳಲ್ಲಿ ಪ್ರಾಣಕ್ಕೆ ಸಂಬಂಧಿಸಿದ್ದು ಇದು. ಅಲ್ಲಿನ ಪ್ರಾಣಿಗಳಿಗೆ ವಾಹನಗಳು ರೂಢಿಯಾಗಿವೆ. ಇಳಿದು ನಿಂತ ಮನುಷ್ಯ ಹಾಗಲ್ಲ. ಸಿಂಹ ಸೆಕೆಂಡಿಗೆ ಸುಮಾರು 14 ಮೀಟರ್ ವೇಗ ತಲಪಬಲ್ಲದು. 25 ಮೀಟರ್ ದೂರದಲ್ಲಿ ಮಲಗಿರುವ ಸಿಂಹ ಎದ್ದು ವೇಗ ಪಡೆಯುವ ಹೊತ್ತನ್ನೂ ಸೇರಿಸಿದರೆ, ನಿಮ್ಮನ್ನು ಮುಟ್ಟಲು ಅದಕ್ಕೆ ಮೂರು ಸೆಕೆಂಡು ಸಾಕು. ಗಾಬರಿಯಲ್ಲಿ ಬಾಗಿಲು ತೆರೆದು ಒಳಸೇರಲು ನಮಗೆ ಅಷ್ಟು ಸಾಲದು. ಚಿತ್ರಕ್ಕಾಗಿ ಎದ್ದು ಹೊರಕ್ಕೆ ಬಾಗುವುದು, ಕೂಗುವುದು, ‘ಇನ್ನೂ ಹತ್ತಿರ ಹೋಗಿ’ ಎಂದು ಚಾಲಕನನ್ನು ಒತ್ತಾಯಿಸುವುದು ಸಲ್ಲದು. ಎಂಜಿನ್ ನಿಲ್ಲಿಸಿ ಸುಮ್ಮನೆ ಕುಳಿತರೆ ದುರ್ಬೀನೂ ಅಲುಗದು, ಪ್ರಾಣಿಯೂ ಬೆದರದು.