ಮೂರು ಡೋಸ್ ಒಂದಾದ ಬಗೆ

ಗರ್ಭಕಂಠದ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆ 2006ರಲ್ಲಿ ಬಳಕೆಗೆ ಬಂದಾಗ ಮೂರು ಡೋಸ್ ಕಡ್ಡಾಯವಾಗಿತ್ತು. 2022ರ ಡಿಸೆಂಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಹದಿವಯಸ್ಸಿನ ಹುಡುಗಿಯರಿಗೆ ಒಂದೇ ಡೋಸ್ ಕೊಟ್ಟರೂ ಆದೀತು ಎಂದಿತು. ಈ ಇಳಿಕೆಗೆ ಬಲವಾದ ಪುರಾವೆ ಒದಗಿದ್ದು ಭಾರತದಿಂದ, ಅದೂ ಅರ್ಧಕ್ಕೆ ನಿಂತ ಅಧ್ಯಯನದಿಂದ. ಎರಡು ಡೋಸ್ ಮೂರಕ್ಕೆ ಸಮವೇ ಎಂದು ನೋಡಲು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2009ರಲ್ಲಿ ಇಲ್ಲಿ 20,000 ಹುಡುಗಿಯರ ಅಧ್ಯಯನಕ್ಕೆ ಕೈಹಾಕಿತು. ಅದೇ ಹೊತ್ತಿಗೆ ಆಗ ಆಂಧ್ರದಲ್ಲಿದ್ದ ಖಮ್ಮಂ ಮತ್ತು ಗುಜರಾತಿನ ವಡೋದರಾದಲ್ಲಿ ನಡೆಯುತ್ತಿದ್ದ ಬೇರೊಂದು ಲಸಿಕಾ ಯೋಜನೆಯಲ್ಲಿ ಹುಡುಗಿಯರು ಸತ್ತ ಸುದ್ದಿ ದೊಡ್ಡದಾಯಿತು. 2010ರ ಏಪ್ರಿಲ್‌ನಲ್ಲಿ ಸರ್ಕಾರ ಅಧ್ಯಯನಗಳಲ್ಲೆಲ್ಲ ಈ ಲಸಿಕೆ ನಿಲ್ಲಿಸಿತು. ಅಷ್ಟರಲ್ಲಿ ಕ್ಯಾನ್ಸರ್ ಸಂಸ್ಥೆಯ ಅಧ್ಯಯನಕ್ಕೆ ಸೇರಿದ್ದ ಸುಮಾರು 17,700 ಮಂದಿಯಲ್ಲಿ ಐದು ಸಾವಿರದಷ್ಟು ಹುಡುಗಿಯರಿಗೆ ಸಿಕ್ಕಿದ್ದು ಒಂದೇ ಡೋಸ್.

ಸಂಶೋಧಕರು ಕಡತ ಮುಚ್ಚಲಿಲ್ಲ, ಹುಡುಗಿಯರ ಬೆನ್ನು ಬಿಡಲಿಲ್ಲ. 2021ರಲ್ಲಿ ಪ್ರಕಟವಾದ ಹತ್ತು ವರ್ಷಗಳ ಲೆಕ್ಕ ಹೀಗಿದೆ: ಈ ಕ್ಯಾನ್ಸರಿನ ಸುಮಾರು ಶೇ 70ರಷ್ಟಕ್ಕೆ ಕಾರಣವಾದ 16 ಮತ್ತು 18ನೇ ಬಗೆಯ ಎಚ್‌ಪಿವಿ ವೈರಸ್ ಒಳಗೇ ಬೀಡುಬಿಡುವುದನ್ನು ಒಂದು ಡೋಸ್ ಶೇ 95ರಷ್ಟು ತಡೆದಿತ್ತು, ಮೂರು ಡೋಸ್ ಶೇ 93ರಷ್ಟು. ಲಾಟರಿ ಎತ್ತಿ ಹಂಚದ ಗುಂಪುಗಳನ್ನು ಹೋಲಿಸಬಹುದೇ ಎಂಬ ತಕರಾರು ಸರಿಯಾದದ್ದೇ. ಆದರೆ ಇಲ್ಲಿ ಹೆಚ್ಚಿನವರನ್ನು ಬೇರ್ಪಡಿಸಿದ್ದು ಸರ್ಕಾರಿ ಆದೇಶದ ತಾರೀಖು. ಅವರ ಆರೋಗ್ಯಕ್ಕೂ ಅದಕ್ಕೂ ಸಂಬಂಧವಿರಲಿಲ್ಲ. ಮುಂದೆ ಕೀನ್ಯಾದಲ್ಲಿ ಲಾಟರಿ ಎತ್ತಿಯೇ ನಡೆಸಿದ ಪ್ರಯೋಗದಲ್ಲೂ ಒಂದು ಡೋಸ್ ಹದಿನೆಂಟು ತಿಂಗಳಲ್ಲಿ ಶೇ 97ರಷ್ಟು ಫಲ ಕೊಟ್ಟಿತು. ಲಸಿಕೆಯಲ್ಲಿರುವುದು ವೈರಸ್ಸಿನ ಟೊಳ್ಳು ಚಿಪ್ಪು. ಅದರ ಮೈಮೇಲೆ ಒಂದೇ ಗುರುತು ಸಾಲುಸಾಲಾಗಿ ಇರುವುದರಿಂದ ದೇಹ ಅದನ್ನು ಮರೆಯುವುದು ಕಷ್ಟ ಎಂಬ ವಿವರಣೆಯೂ ಇದೆ. ಆದರೆ ಎಚ್‌ಐವಿ ಇರುವವರಿಗೆ ಒಂದೇ ಡೋಸಿನ ಈ ರಿಯಾಯಿತಿ ಇಲ್ಲ.

ಹಾಗಾದರೆ 2010ರ ಗದ್ದಲವೇ ತಪ್ಪೇ? ತನಿಖೆ ನಡೆದಾಗ ಆ ಲಸಿಕಾ ಯೋಜನೆಯ ಏಳು ಸಾವುಗಳಿಗೂ ಲಸಿಕೆಗೂ ನಂಟು ಕಾಣಲಿಲ್ಲ, ನಿಜ. ಆದರೆ ಆಂಧ್ರದಲ್ಲಿ ಎಷ್ಟೋ ಹುಡುಗಿಯರ ಒಪ್ಪಿಗೆ ಪತ್ರಕ್ಕೆ ಅಪ್ಪ ಅಮ್ಮಂದಿರ ಬದಲು ಹಾಸ್ಟೆಲ್ ವಾರ್ಡನ್‌ಗಳು ರುಜು ಹಾಕಿದ್ದರು. 2013ರಲ್ಲಿ ಸಂಸದೀಯ ಸ್ಥಾಯಿ ಸಮಿತಿ ಇಡೀ ಯೋಜನೆಯನ್ನು ಕಟುವಾಗಿ ಟೀಕಿಸಿತು. ಲಸಿಕೆ ಒಳ್ಳೆಯದೆಂದು ಸಾಬೀತಾದ ಮಾತ್ರಕ್ಕೆ ಆ ರುಜುಗಳು ಸರಿಯಾಗುವುದಿಲ್ಲ. ರುಜು ತಪ್ಪಾದ ಮಾತ್ರಕ್ಕೆ ಲಸಿಕೆ ಕೆಡುವುದೂ ಇಲ್ಲ. ಇವೆರಡನ್ನು ಬೆರೆಸಿದ್ದರಿಂದಲೂ ಲಸಿಕೆ ಇಲ್ಲಿನ ಹುಡುಗಿಯರನ್ನು ತಲುಪುವುದು ವರ್ಷಗಟ್ಟಲೆ ತಡವಾಯಿತು. ಇನ್ನು, ಈಗಾಗಲೇ ಸೋಂಕು ತಗಲಿದವರಲ್ಲಿ ಈ ಲಸಿಕೆ ಅದನ್ನು ತೊಲಗಿಸದು. ಆ ಹುಡುಗಿಯರ ತಾಯಂದಿರಿಗೆ ಉಳಿದಿರುವುದು ಮೂವತ್ತು ದಾಟಿದ ಮೇಲಿನ ತಪಾಸಣೆಯೇ.