ಚಿತ್ರದ ಮೇಲಿನ ತೆಳುಪೊರೆ

ಕಣ್ಣಿಗೆ ಕಾಣಿಸದಿರುವುದೇ ಯಾವುದರ ಹಿರಿಮೆಯೋ ಅಂತಹ ವಸ್ತುವೊಂದನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ಚಿತ್ರವನ್ನೋ ಅಕ್ಷರವನ್ನೋ ಅಂಟಿಸಿದ ಬಳಿಕ ಅದರ ಮೇಲೆ ಕೊಡುವ ಬಣ್ಣವಿಲ್ಲದ ವಾರ್ನಿಷಿನ ಪೊರೆ ಅದು. ವಿಮಾನ, ಹಡಗು, ರೈಲುಗಳ ಕಿರುಮಾದರಿಗಳನ್ನು ಕಟ್ಟುವ ಹವ್ಯಾಸಿಗಳಿಗೆ ಇದು ದೊಡ್ಡ ಚಿಂತೆಯ ವಿಷಯ. ನಮ್ಮ ಮುದ್ದೇಬಿಹಾಳದ ಕಡೆಯ ಹಳೆಯ ಮನೆಗಳಲ್ಲಿಯೂ ಈ ಪೊರೆಯ ಕೃಪೆಯಿಂದಲೇ ಉಳಿದುಬಂದ ವಸ್ತುಗಳಿರುತ್ತವೆ. ಅವು ಉಳಿಯಬೇಕಾದರೆ ಈ ಹವ್ಯಾಸಿಗಳ ವಿದ್ಯೆಯನ್ನು ನಾವೂ ತುಸು ಅರಿತಿರಬೇಕಾಗುತ್ತದೆ.

ಬೆಂಗಳೂರಿನ ಹಿಂದುಸ್ತಾನ್ ವಿಮಾನ ಕಾರ್ಖಾನೆಯಲ್ಲಿ ಜರ್ಮನಿಯ ಕುರ್ಟ್ ಟ್ಯಾಂಕ್ ಅವರ ನೇತೃತ್ವದಲ್ಲಿ ರೂಪುಗೊಂಡು, 1961ರ ಜೂನ್ 17ರಂದು ಮೊದಲ ಬಾರಿಗೆ ಹಾರಿದ ‘ಮಾರುತ್’ ಯುದ್ಧವಿಮಾನವನ್ನು ನೆನೆಯೋಣ. ಸುಮಾರು 16 ಮೀಟರು ಉದ್ದದ ಅದನ್ನು 72ರಲ್ಲಿ ಒಂದು ಪಾಲಿಗೆ ಇಳಿಸಿದರೆ 22 ಸೆಂಟಿಮೀಟರಿನ ಬೊಂಬೆಯಾಗುತ್ತದೆ. ಅದರ ರೆಕ್ಕೆಯ ಮೇಲೆ ಕೇಸರಿ, ಬಿಳಿ, ಹಸಿರಿನ ವಾಯುಪಡೆಯ ವೃತ್ತಗಳು ಬರಬೇಕು. ಅಷ್ಟು ಸಣ್ಣ ವೃತ್ತವನ್ನು ಕುಂಚದಿಂದ ಬರೆಯುವ ಕೈಗಳು ಅಪರೂಪ. ಆದುದರಿಂದ ಅಚ್ಚು ಹಾಕಿದ ಚಿತ್ರವನ್ನೇ ಅಂಟಿಸುತ್ತಾರೆ. ಇದಕ್ಕೆ ಡಿಕಾಲ್ ಎಂದು ಹೆಸರು. ಗೋಂದು ಸವರಿದ ಕಾಗದದ ಮೇಲೆ ಪಾರದರ್ಶಕ ಪೊರೆ, ಅದರಲ್ಲಿ ಚಿತ್ರ. ಉಗುರುಬೆಚ್ಚಗಿನ ನೀರಿನಲ್ಲಿ ತುಸು ಹೊತ್ತು ನೆನೆಸಿದರೆ ಗೋಂದು ಕರಗಿ, ಚಿತ್ರ ಕಾಗದದಿಂದ ಜಾರಿ ವಿಮಾನದ ಮೈಗೆ ಬರುತ್ತದೆ.

ಇಲ್ಲಿಯವರೆಗೆ ಮಕ್ಕಳೂ ಮಾಡಬಹುದು. ತೊಡಕು ಆಮೇಲಿನದು. ಹೊಳಪಿಲ್ಲದ ಬಣ್ಣವೆಂದರೆ ಕಣ್ಣಿಗೆ ಕಾಣದ ಉಬ್ಬುತಗ್ಗುಗಳ ನೆಲ. ಅದರ ಮೇಲೆ ಕುಳಿತ ಪೊರೆಯ ಅಡಿಯಲ್ಲಿ ಗಾಳಿ ಸಿಕ್ಕಿಕೊಂಡು, ಅಂಚಿನ ಸುತ್ತ ಬೂದುಬಿಳಿಯ ಮಿನುಗು ಮೂಡುತ್ತದೆ. ಮಾದರಿಕಾರರು ಇದನ್ನು ‘ಬೆಳ್ಳಿಯಾಯಿತು’ ಎಂದು ಹಳಿಯುತ್ತಾರೆ. ಮೇಲೆ ಎಷ್ಟು ವಾರ್ನಿಷು ಬಳಿದರೂ ಕೆಳಗಿನ ಗಾಳಿ ಹೋಗದು. ಆದುದರಿಂದ ಬಲ್ಲವರು ಚಿತ್ರಕ್ಕೂ ಮುನ್ನವೇ ಒಮ್ಮೆ ಹೊಳಪಿನ ವಾರ್ನಿಷು ಕೊಟ್ಟು ನೆಲವನ್ನು ನುಣುಪು ಮಾಡಿಕೊಳ್ಳುತ್ತಾರೆ. ಚಿತ್ರ ಕುಳಿತ ಮೇಲೆ ಒದ್ದೆ ಬಟ್ಟೆಯಿಂದ ಗೋಂದಿನ ಕಲೆ ಒರೆಸಿ, ಒಂದು ರಾತ್ರಿಯಾದರೂ ಒಣಗಲು ಬಿಟ್ಟು, ಆಮೇಲೆ ಮೇಲಿನ ಪೊರೆಗೆ ಕೈಹಾಕುತ್ತಾರೆ.

ಆ ಪೊರೆ ಎಷ್ಟು ದಪ್ಪವಿರಬೇಕು? ಬರೆಯುವ ಹಾಳೆಯೊಂದರ ದಪ್ಪ ಸುಮಾರು ಮಿಲಿಮೀಟರಿನ ಹತ್ತನೆಯ ಒಂದು ಭಾಗ. ಅಷ್ಟೇ ದಪ್ಪದ ವಾರ್ನಿಷನ್ನು 72ರಿಂದ ಗುಣಿಸಿ ನೋಡಿ: ನಿಜವಾದ ವಿಮಾನದ ಮೈಮೇಲೆ ಏಳು ಮಿಲಿಮೀಟರಿನ ಗಾಜು ಹೊದಿಸಿದಂತಾಯಿತು! ದಪ್ಪಕ್ಕಿಂತಲೂ ದೊಡ್ಡ ಅಪಾಯ ವಾರ್ನಿಷಿನಲ್ಲಿರುವ ದ್ರವದ್ದು. ಥಿನ್ನರ್ ಬೆರೆತ ಲ್ಯಾಕರನ್ನು ಒಮ್ಮೆಲೇ ತೊಯ್ಯುವಂತೆ ಸುರಿದರೆ ಅದು ಡಿಕಾಲಿನ ಪೊರೆಯನ್ನೇ ಮೆತ್ತಗೆ ಮಾಡಿ ಸುಕ್ಕುಗಟ್ಟಿಸುತ್ತದೆ. ಮಂಜಿನಂತೆ ಸಿಂಪಡಿಸಿ, ಒಣಗಿಸಿ, ಮತ್ತೆ ಸಿಂಪಡಿಸುವುದೇ ಕ್ಷೇಮ. ನೀರಿನಲ್ಲಿ ಕಲಸುವ ಅಕ್ರಿಲಿಕ್ ವಾರ್ನಿಷು ಇನ್ನೂ ಸೌಮ್ಯ. ಎಣ್ಣೆಯ ವಾರ್ನಿಷು ವರುಷ ಕಳೆದಂತೆ ಹಳದಿಗೆ ತಿರುಗುವುದರಿಂದ ವೃತ್ತದ ಬಿಳಿಯನ್ನು ಕೆಡಿಸುತ್ತದೆ.

ಹವೆಯೂ ತನ್ನ ಪಾಲು ಕೇಳುತ್ತದೆ. ನಮ್ಮ ಎರೆನಾಡಿನ ಏಪ್ರಿಲ್ ಬಿಸಿಲಿನಲ್ಲಿ ಸಿಂಪಡಿಸಿದ ಹನಿ ಮಾದರಿಯನ್ನು ಮುಟ್ಟುವ ಮೊದಲೇ ಅರ್ಧ ಒಣಗಿ, ಮೈ ಮರಳುಕಾಗದದಂತಾಗುತ್ತದೆ. ಗಾಳಿಯೆದ್ದರೆ ಹೊಲದ ಧೂಳೂ ಬಂದು ಕೂರುತ್ತದೆ. ಮಳೆಗಾಲದಲ್ಲಿ ಇನ್ನೊಂದು ಕಾಟ. ಬೇಗನೆ ಆರುವ ದ್ರವ ಮೈಯನ್ನು ತಂಪುಗೊಳಿಸುವುದರಿಂದ ಗಾಳಿಯ ತೇವ ಅಲ್ಲಿ ಇಳಿದು ವಾರ್ನಿಷು ಬೆಳ್ಳಗಾಗುತ್ತದೆ. ಬೇಸಗೆಯ ಬೆಳಗಿನ ಜಾವ, ಗಾಳಿಯಾಡದ ಕೋಣೆ, ಮುಗಿದೊಡನೆ ಮೇಲೆ ಬೋರಲು ಹಾಕಲು ಒಂದು ಡಬ್ಬಿ: ಇಷ್ಟಿದ್ದರೆ ನಮ್ಮಲ್ಲಿಯೂ ಕೆಲಸ ಕೆಡದು. ಹಾಗೆ ಬಾಗಿಲಿಕ್ಕಿ ಸಿಂಪಡಿಸುವವರು ಮೂಗಿಗೆ ಮುಖವಾಡ ಕಟ್ಟಿಕೊಳ್ಳತಕ್ಕದ್ದು.

ಇನ್ನು ಮನೆಯ ಮಾತು. ಅಜ್ಜಿಯ ಕಾಲದ ಸಿಂಗರ್ ಹೊಲಿಗೆ ಯಂತ್ರದ ಕಪ್ಪು ಮೈಮೇಲೆ ಹೊನ್ನಿನ ಬಳ್ಳಿಗಳಿವೆಯಲ್ಲ, ಅವೂ ಅಂಟಿಸಿದ ಡಿಕಾಲುಗಳೇ. ಮೇಲೆ ಅರಗಿನ ತಿಳಿಪೊರೆ ಕೊಟ್ಟಿರುತ್ತಿದ್ದರು. ಅರಗು ಸ್ಪಿರಿಟ್ಟಿನಲ್ಲಿ ಕರಗುವ ಪದಾರ್ಥ. ಕೊಳೆ ತೆಗೆಯಲೆಂದು ಸ್ಪಿರಿಟ್ಟಿನಲ್ಲಿ ಅದ್ದಿದ ಬಟ್ಟೆಯಿಂದ ಉಜ್ಜಿದರೆ ಮೊದಲು ಪೊರೆ ಹೋಗುತ್ತದೆ, ಅದರ ಹಿಂದೆಯೇ ಹೊನ್ನೂ ಹೋಗುತ್ತದೆ. ಯಂತ್ರಕ್ಕೆ ಬಿಡುವ ಎಣ್ಣೆಯಿಂದಲೇ ಮೆಲ್ಲಗೆ ಒರೆಸಿದರೆ ಸಾಕು.

ಕಲಘಟಗಿಯ ತೊಟ್ಟಿಲಿನ ವಿಷಯ ಇನ್ನೂ ಸೂಕ್ಷ್ಮವಾದುದು. ಅಲ್ಲಿ ಅಂಟಿಸಿದ ಚಿತ್ರವಿಲ್ಲ. ಸಾಗವಾನಿಯ ಮೇಲೆ ಅರಗಿನ ಬಣ್ಣದಲ್ಲಿ ರಾಮಕೃಷ್ಣರ ಕಥೆಗಳನ್ನು ಕೈಯಿಂದಲೇ ಬರೆದಿರುತ್ತಾರೆ. ತಲೆಮಾರುಗಳು ಅದರಲ್ಲಿ ತೂಗಿ ಬೆಳೆದಿವೆ. ಮಹಾಭಾರತವನ್ನೋದಿದ ನಮಗೆ ಅರಗೆಂದರೆ ಉರಿದುಹೋದ ಮನೆಯೇ ನೆನಪು, ಆದರೆ ತಂಪಿನಲ್ಲಿ, ಒಣಗಿದ ಜಾಗದಲ್ಲಿ ಅದು ಬಲು ಬಾಳಿಕೆಯದು. ಅಂತಹ ತೊಟ್ಟಿಲು ಮಂಕಾಗಿದೆಯೆಂದು, ಹೆಸರಿಡುವ ದಿನ ಹತ್ತಿರ ಬಂತೆಂದು, ಬಡಗಿಯ ಕೈಗೆ ಕೊಟ್ಟು ಪಾಲಿಶ್ ಮಾಡಿಸುವುದುಂಟು. ಬಡಗಿಯ ಪಾಲಿಶ್ ಎಂದರೆ ಹಲವು ಕಡೆ ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗೇ. ಅದರ ಸ್ಪಿರಿಟ್ಟು ಕೆಳಗಿನ ಅರಗನ್ನೂ ಕರಗಿಸುವುದರಿಂದ ಕೃಷ್ಣನ ನೀಲಿ ಗೋಪಿಯ ಸೀರೆಗೆ ಹರಿದುಬಿಡುತ್ತದೆ. ಕರಗದ ಆಧುನಿಕ ವಾರ್ನಿಷನ್ನು ಬಳಿಯೋಣವೆಂದರೆ, ಮುಂದೆ ಅದು ಹಳದಿಯಾದಾಗ ಚಿತ್ರವನ್ನು ಬಿಟ್ಟು ಅದನ್ನಷ್ಟೇ ತೆಗೆಯುವ ಉಪಾಯವಿಲ್ಲ. ಮಾದರಿ ಕೆಟ್ಟರೆ ಇನ್ನೊಂದು ಡಿಕಾಲ್ ಕೊಳ್ಳಬಹುದು. ಆ ತೊಟ್ಟಿಲನ್ನು ಬರೆದ ಕೈ ಈಗ ಇಲ್ಲ.

ಆದುದರಿಂದ ಹಳೆಯ ತೊಟ್ಟಿಲಿಗೆ ಒಣಗಿದ ಮೆತ್ತನೆಯ ಹತ್ತಿಬಟ್ಟೆ ಸಾಕು. ಬಣ್ಣ ಎಲ್ಲಿಯಾದರೂ ಏಳುತ್ತಿದ್ದರೆ ಅಲ್ಲಿ ಉಜ್ಜಲೂ ಬಾರದು. ಏನಾದರೂ ಬಳಿಯಲೇಬೇಕೆಂದು ಮನೆಯ ಹಿರಿಯರು ಹಟ ಹಿಡಿದರೆ, ತಳದ ಮರೆಯಲ್ಲಿ, ಯಾರಿಗೂ ಕಾಣದ ಕಡೆ, ಆ ದ್ರವದಲ್ಲಿ ಅದ್ದಿದ ಹತ್ತಿಯ ಬತ್ತಿಯನ್ನು ಒಮ್ಮೆ ತಾಗಿಸಿ ನೋಡಲಿ. ಬತ್ತಿಗೆ ಬಣ್ಣ ಬಂದರೆ ಡಬ್ಬಿಯ ಮುಚ್ಚಳ ಹಾಕಿಬಿಡತಕ್ಕದ್ದು.